ಉಡಿಗೆ ಬಾಯಿ ಹಾಕಿದ ಕುದುರೆ

ಮದುವೆಯಾಗಿ ರಾಯಚೂರಿನ ಮನೆಗೆ ಬಂದ ದಿನ ನನ್ನನ್ನು ಮೊದಲು ಎದುರುಗೊಂಡದ್ದು ಗಂಡನ ಕಡೆಯ ಹೆಂಗಸರಲ್ಲ, ಒಂದು ಕುದುರೆ ಮರಿ. ಹಿರೇಕೊಟ್ನೆಕಲ್ಲಿನಿಂದ ತವರಿನವರು ಉಡಿ ತುಂಬಿ ಕಳಿಸಿದ್ದರು. ಸೆರಗನ್ನು ಸೊಂಟದ ಮುಂದೆ ಚೀಲದ ಹಾಗೆ ಮಡಚಿ ಕಟ್ಟಿ, ಅದರೊಳಗೆ ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದ ಅಚ್ಚು, ಉತ್ತತ್ತಿ, ಎಲೆ ಅಡಿಕೆ. ಆ ಭಾರ ಹೊತ್ತುಕೊಂಡು ಅಂಗಳದಲ್ಲಿ ತಲೆ ತಗ್ಗಿಸಿ ನಿಂತು ಸದ್ದಿಲ್ಲದೆ ಅಳುತ್ತಿದ್ದೆ. ಹೆಂಗಸರು ಆರತಿ ತಟ್ಟೆ ತರಲು ಒಳಗೆ ಹೋಗಿದ್ದರು. ಬೆಚ್ಚನೆಯ ಉಸಿರೊಂದು ಹೊಟ್ಟೆಗೆ ತಾಗಿತು. ಬಗ್ಗಿ ನೋಡಿದರೆ ಕಂದು ಬಣ್ಣದ ಮೂತಿಯೊಂದು ನನ್ನ ಉಡಿಯೊಳಗೆ ಕಣ್ಣಿನ ತನಕ ಇಳಿದಿತ್ತು. ಬೆಲ್ಲದ ಅಚ್ಚು ಹೋಯಿತು. ಅದರ ಹಿಂದೆಯೇ ನನ್ನ ಅಳುವೂ ಹೋಯಿತು. ಕಿಸಕ್ಕನೆ ನಕ್ಕುಬಿಟ್ಟೆ.

ಆರತಿ ಹಿಡಿದು ಬಂದ ಅತ್ತೆ ನೋಡಿದ್ದು ನಗುತ್ತಿದ್ದ ಸೊಸೆಯನ್ನೂ ಬೆಲ್ಲ ಚಪ್ಪರಿಸುತ್ತಿದ್ದ ಮರಿಯನ್ನೂ. “ಒಂದ ತಿಂಗಳದಾಗ ಮನಿಗೆ ಎರಡು ಬಂದ್ವು ನೋಡವ್ವಾ,” ಎಂದರು ಪಕ್ಕದವರಿಗೆ. “ಎರಡೂ ಬಾಯಿ ಜೋರು ಕಾಣಸ್ತಾವ.”

ಅದು ನಿಜವಾಗಿತ್ತು. ನಾನು ಮೆಟ್ರಿಕ್ ಪಾಸಾದವಳು. ಕೇಳಿದ್ದಕ್ಕೂ ಉತ್ತರ ಕೊಡುತ್ತಿದ್ದೆ, ಕೇಳದ್ದಕ್ಕೂ ಕೊಡುತ್ತಿದ್ದೆ. ಮರಿಯನ್ನು ಮಾವ ಹದಿನೈದು ದಿನ ಮುಂಚೆ ದೇವದುರ್ಗದ ಕಡೆಯ ಮಸರಕಲ್ಲಿನಿಂದ ಎರಡು ದಿನ ನಡೆಸಿಕೊಂಡು ತಂದಿದ್ದರು. ದಾರಿಯುದ್ದಕ್ಕೂ ಅದು ಅವರ ರುಮಾಲಿನ ತುದಿ ಜಗಿಯುತ್ತ ಬಂದಿತ್ತಂತೆ.

ಮಾವ ಟಾಂಗಾ ಹೊಡೆಯುತ್ತಿದ್ದರು. ಸ್ಟೇಷನ್ನಿನಿಂದ ತೀನ್ ಕಂದೀಲ್ ಚೌಕ, ತೀನ್ ಕಂದೀಲಿನಿಂದ ಸ್ಟೇಷನ್, ನಡುವೆ ಯಾರಾದರೂ ಕೈ ಮಾಡಿದರೆ ಬಸ್ ಸ್ಟ್ಯಾಂಡ್. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಟಾಂಗಾದವರ ಒಬ್ಬನೇ ಮಗ, ಅಂದರೆ ನನ್ನ ಗಂಡ, ದೇವದುರ್ಗದ ದಾರಿಯಲ್ಲಿ ಓಡುವ ಸರಕಾರಿ ಬಸ್ಸಿನ ಕಂಡಕ್ಟರ್. “ಅಪ್ಪ ಕುದುರಿ ನಂಬ್ಯಾನ, ಮಗ ಡೀಸಲ್ ನಂಬ್ಯಾನ, ನಾ ಯಾರನ್ನ ನಂಬಲಿ?” ಎಂದು ಅತ್ತೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದರು. ಅಪ್ಪ ಮಗ ಇಬ್ಬರೂ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು.

ಟಾಂಗಾಕ್ಕೆ ಕಟ್ಟುತ್ತಿದ್ದ ಬಿಳಿ ಹೆಣ್ಣು ಕುದುರೆಗೆ ವಯಸ್ಸಾಗಿತ್ತು. ಅದರ ಜಾಗಕ್ಕೆ ಈ ಮರಿ ತಯಾರಾಗಬೇಕಿತ್ತು. ಮಾವನದು ಒಂದೇ ಕಾನೂನು: “ಯಾರೂ ಕೈಯಾಗ ತಿನಸಬ್ಯಾಡ್ರಿ. ಕೈಯಾಗ ತಿಂದ ಕುದುರಿ ಮುಂದ ಕೈನs ತಿಂತದ.” ಇದನ್ನು ಅವರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಬಾಗಿಲಿಗೆ ಬಂದವರಿಗೆ ಪ್ರತ್ಯೇಕವಾಗಿ ಇನ್ನೊಮ್ಮೆ ಹೇಳುತ್ತಿದ್ದರು.

ನಾನು ಆ ಕಾನೂನು ಮುರಿಯಲಿಲ್ಲ. ದೇವರಾಣೆ, ಕೈಯಲ್ಲಿ ತಿನಿಸಲೇ ಇಲ್ಲ. ಉಡಿಯಲ್ಲಿ ಇಟ್ಟುಕೊಳ್ಳುತ್ತಿದ್ದೆ, ಅದೇ ಬಂದು ತೆಗೆದುಕೊಳ್ಳುತ್ತಿತ್ತು. ಹೊಸ ಮನೆ, ಗಂಡ ಎರಡು ದಿನಕ್ಕೊಮ್ಮೆ ಬರುವವನು, ಮಾತಾಡಿದರೆ ಬಾಯಾಳಿ ಎನ್ನುವ ಅತ್ತೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅಂಗಳದ ಬೇವಿನ ಗಿಡದ ಕೆಳಗೆ ಹೋಗಿ ನಿಲ್ಲುತ್ತಿದ್ದೆ. ಮರಿ ಮೂತಿ ಇಳಿಸುತ್ತಿತ್ತು. ಹುರಳಿ ಕಾಳು, ಬೆಲ್ಲದ ಚೂರು, ರೊಟ್ಟಿ ತುಂಡು ಖಾಲಿಯಾದ ಮೇಲೆ ಸೆರಗನ್ನೇ ಹಲ್ಲಿನಲ್ಲಿ ಹಿಡಿದು ಎಳೆಯುತ್ತಿತ್ತು. ನಾನು ನಗುತ್ತ ಹಿಂದೆ ಸರಿಯುತ್ತಿದ್ದೆ, ಮೂತಿಗೆ ಮೆಲ್ಲಗೆ ಒಂದು ಏಟು ಕೊಡುತ್ತಿದ್ದೆ, ಅದು ತಲೆ ಕೊಡವಿ ಮತ್ತೆ ಬರುತ್ತಿತ್ತು. ನಾನು ಆ ಮರಿಯನ್ನು ಜೀವದಷ್ಟು ಪ್ರೀತಿಸುತ್ತಿದ್ದೆ. ಆ ಮನೆಯಲ್ಲಿ ನಾನು ಬಂದೆನೆಂದು ಕಿವಿ ನಿಮಿರಿಸುತ್ತಿದ್ದದ್ದು ಅದೊಂದೇ.

ಒಂದು ವರ್ಷ ಹೀಗೇ ನಡೆಯಿತು. ಮರಿ ಎತ್ತರವಾಯಿತು, ಹಲ್ಲೂ ದೊಡ್ಡವಾದವು. ಆಮೇಲೆ ಪೋಸ್ಟ್‌ಮನ್ ಪ್ರಕರಣ ನಡೆಯಿತು.

ಪೋಸ್ಟ್‌ಮನ್ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, ನನ್ನ ತವರಿನಿಂದ ಬಂದ ಕಾರ್ಡನ್ನು ಅಂಗಿಯ ಜೇಬಿನಲ್ಲಿ ಸಿಕ್ಕಿಸಿಕೊಂಡು ಒಳಗೆ ಬಂದ. ಮರಿ ನೇರವಾಗಿ ಅವನ ಎದೆಗೇ ಬಾಯಿ ಹಾಕಿತು. ಜೇಬು ಹರಿದು ಬಂತು, ಜೇಬಿನ ಜೊತೆ ಪೆನ್ನು ಬಂತು, ಎದೆಯ ಮೇಲೆ ಹಲ್ಲಿನ ಎರಡು ಸಾಲು ಕೆಂಪಗೆ ಎದ್ದವು. ಕಾರ್ಡಿನಲ್ಲಿ ಉಳಿದದ್ದು ‘ನಾವೆಲ್ಲರೂ ಕ್ಷೇಮ’ ಎಂಬಷ್ಟೇ. ಉಳಿದ ಸುದ್ದಿ ಕುದುರೆಯ ಹೊಟ್ಟೆಗೆ ಹೋಯಿತು.

“ಯಕ್ಕಾ, ನಾಯಿ ಇದ್ದ ಮನಿಗೆ ಹುಷಾರಿಲೇ ಹೋಗ್ತೀನಿ,” ಎಂದ ಪೋಸ್ಟ್‌ಮನ್ ಎದೆ ಉಜ್ಜಿಕೊಳ್ಳುತ್ತ. “ಕುದುರಿ ಕಡೀತದ ಅಂತ ಯಾರ್ ಹೇಳ್ಬೇಕ್ರೀ?”

ಅತ್ತೆ ಅವನಿಗೆ ಅರಿಶಿನ ಹಚ್ಚಿ, ಚಹಾ ಕುಡಿಸಿ ಕಳಿಸಿದರು. ಸಂಜೆ ಮಾವ ಬಂದ ಮೇಲೆ ಅತ್ತೆಯೇ ನಮ್ಮೆಲ್ಲರನ್ನೂ ಅಂಗಳಕ್ಕೆ ಕರೆದರು. ಗಂಡನೂ ಅವತ್ತು ಮನೆಯಲ್ಲಿದ್ದ. ಅತ್ತೆ ಕೂಗಾಡಲಿಲ್ಲ. ಎಡಗೈ ಎತ್ತಿ ತೋರಿಸಿದರು. ಆ ಕೈಯ ಕಿರುಬೆರಳಿಗೆ ಮೇಲಿನ ಗೆಣ್ಣು ಇರಲಿಲ್ಲ. ವರ್ಷವಿಡೀ ಆ ಕೈಯಿಂದ ರೊಟ್ಟಿ ತಿಂದರೂ ನಾನು ಅದು ಹೇಗಾಯಿತೆಂದು ಕೇಳಿರಲಿಲ್ಲ. ಕೇಳದ್ದಕ್ಕೂ ಉತ್ತರ ಕೊಡುವ ನಾನು ಕೇಳಬೇಕಾದ್ದನ್ನು ಕೇಳಿರಲಿಲ್ಲ.

“ನಾ ಲಗ್ನಾಗಿ ಬಂದ ವರ್ಷ ಇವ್ರ ಮೊದಲ್ನೇ ಕುದುರಿ ತಿಂದದ್ದಿದು,” ಎಂದರು. “ನಂದು ಬೆರಳು, ಹೋತು, ಬಿಡ್ರಿ. ಇಕೀಗಿ ಈಗ ಮೂರು ತಿಂಗಳು. ನಾಳಿ ಕೂಸು ಈ ಅಂಗಳದಾಗ ಅಂಬೆಗಾಲು ಇಡ್ತದ. ಕಡಿಯೋ ಕುದುರಿ, ಕೂಸು ಒಂದ ಅಂಗಳದಾಗ ಇರಂಗಿಲ್ಲ. ದೇವದುರ್ಗದ ದಲ್ಲಾಳಿಗಿ ಹೇಳಿ ಕಳಸ್ರಿ, ಕೊಟ್ಟುಬಿಡಾಮು.”

ಅವರ ಮಾತಿನಲ್ಲಿ ತಪ್ಪು ಹುಡುಕಲು ನಾನು ಪ್ರಯತ್ನ ಪಟ್ಟೆ, ಸಿಗಲಿಲ್ಲ. ಕೊನೆಗೆ ಅಳುತ್ತಲೇ ಒಪ್ಪಿಕೊಂಡೆ: “ಅತ್ತಿ, ಅದಕ್ಕ ಹಂಗ ಮಾಡೋದು ಕಲಿಸಿದಾಕಿ ನಾನs. ಉಡಿಯಾಗ ಬೆಲ್ಲ ಇಟ್ಟು ರೂಢಿ ಹಚ್ಚೀನಿ. ಬಿಡಸಾಕ ಒಂದು ಅವಕಾಶ ಕೊಡ್ರಿ.”

“ಅಲ್ಲೇನವಾ!” ಎಂದು ಮಾವ ತಲೆಯ ಮೇಲೆ ಕೈ ಇಟ್ಟುಕೊಂಡರು. “ಹಗಲೆಲ್ಲ ಬಡಕೊಂಡೆ, ತಿನಸಬ್ಯಾಡ್ರಿ, ತಿನಸಬ್ಯಾಡ್ರಿ ಅಂತ! ಮನಿಯಾಗಿನವ್ರ ಹಿಂಗ ಮಾಡಿದ್ರ ಮುಗೀತು ಬಿಡು!” ಅವರ ಸಿಟ್ಟು ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಅವರೇ ಅತ್ತೆಯ ಕಡೆ ತಿರುಗಿ ದನಿ ಇಳಿಸಿದರು: “ಕುಬಸದ ಮಟ ನೋಡಾಮು. ತವರಿಗೆ ಹೋಗೋದ್ರಾಗ ಸುಧಾರಿಸಿದ್ರ ಸುಧಾರಿಸ್ತು. ಇಲ್ಲಾಂದ್ರ ಅವತ್ತ ದಲ್ಲಾಳಿ ಬಂದು ಹೊಡಕೊಂಡು ಹೋಗ್ಲಿ.”

ಕುಬಸ ಅಂದರೆ ಏಳನೇ ತಿಂಗಳ ಶಾಸ್ತ್ರ. ಬಸುರಿಗೆ ಹಸಿರು ಸೀರೆ ಉಡಿಸಿ, ಮತ್ತೆ ಉಡಿ ತುಂಬಿ, ತವರಿನವರು ಕರೆದುಕೊಂಡು ಹೋಗುವ ದಿನ. ನನಗೂ ಮರಿಗೂ ಇದ್ದದ್ದು ನಾಲ್ಕೇ ತಿಂಗಳು.

ನಮ್ಮ ಓಣಿಯ ಕೊನೆಯಲ್ಲಿ ಕುದುರೆಗಳಿಗೆ ಲಾಳ ಬಡಿಯುವ ಮುದುಕರೊಬ್ಬರಿದ್ದರು. ಎಲ್ಲರಿಗೂ ಅವರು ಚಾಚಾ. ಕಣ್ಣು ಮಂಜಾದ ಮೇಲೆ ಕೆಲಸ ಕಡಿಮೆ ಮಾಡಿ, ಮಧ್ಯಾಹ್ನವೆಲ್ಲ ಕೂತು ಬೇರೆಯವರ ಕುದುರೆಗಳ ಬಗ್ಗೆ ಅಭಿಪ್ರಾಯ ಹೇಳುವುದನ್ನು ಕೆಲಸ ಮಾಡಿಕೊಂಡಿದ್ದರು. ಮಾವ ಅವರನ್ನು ಕರೆದುತಂದರು. ಚಾಚಾ ಅಂಗಳದ ಕಟ್ಟೆಯ ಮೇಲೆ ಕೂತು, ನನಗೆ ಮರಿಯ ಹತ್ತಿರ ಎಂದಿನಂತೆ ಹೋಗಲು ಹೇಳಿದರು. ಮರಿ ಮೂತಿ ಚಾಚಿತು, ನಾನು ಒಂದು ಹೆಜ್ಜೆ ಹಿಂದೆ ಸರಿದೆ, ಮೂತಿಗೆ ಪಟ್ಟನೆ ಒಂದು ಕೊಟ್ಟೆ. ಅದು ತಲೆ ಎತ್ತಿ ತಪ್ಪಿಸಿಕೊಂಡು ಮತ್ತೆ ಬಂತು.

ಚಾಚಾ ಹೊಟ್ಟೆ ಹಿಡಿದುಕೊಂಡು ನಕ್ಕರು. “ಬೇಟಿ, ನೀ ಹೊಡೀತಿ, ಅಂವ ತಪ್ಪಿಸ್ಕೊಂತಾನ. ನಿನಗ ಅದು ಶಿಕ್ಷಾ, ಅಂವಗ ಅದು ಕಬಡ್ಡಿ. ಮ್ಯಾಲ ನೀನs ಹಿಂದ ಸರೀತಿ. ಈ ಮನಿಯಾಗ ಯಾರು ಯಾರಿಗೆ ಕಲಸಾಕತ್ತಾರ?”

“ಹಂಗಾದ್ರ ಏನ್ ಮಾಡ್ಲಿ ಚಾಚಾ? ಬಾಯಿ ಕಟ್ಟಿ ಹಾಕ್ಲೇನು?”

“ಬಾಯಿ ಜೋಡಿ ಜಗಳಾ ಬ್ಯಾಡ. ಬಾಯಿ ತಂದಾಗೊಮ್ಮೆ ಕಾಲಿಗೆ ಕೆಲಸ ಹೇಳು. ಅಂವನ ಕಾಲು ನಿನ್ನ ಮಾತು ಕೇಳಿದ್ರ ಬಾಯಿ ತಾನs ಸುಮ್ಮನಾಗ್ತದ.”

ಮರುದಿನದಿಂದ ಪಾಠ ಶುರುವಾಯಿತು. ನನ್ನ ಸ್ಥಿತಿಯಲ್ಲಿ ನಾನು ಹಗ್ಗ ಹಿಡಿಯಕೂಡದೆಂದು ಅತ್ತೆಯ ಕಟ್ಟಪ್ಪಣೆ ಇತ್ತು. ಹಾಗಾಗಿ ಮುಖಕ್ಕೆ ಕಟ್ಟಿದ ಹಗ್ಗವನ್ನು ಚಾಚಾ ಹಿಡಿಯುತ್ತಿದ್ದರು, ನಾನು ಎದುರಿಗೆ ನಿಲ್ಲುತ್ತಿದ್ದೆ. ಉಡಿ ಖಾಲಿ ಇರಬೇಕು. ಬೆಲ್ಲದ ಚೂರು ದೂರದ ಬಕೆಟ್ಟಿನಲ್ಲಿ. ಮರಿ ಮೂತಿ ಚಾಚಿದರೆ ನಾನು ಕಿರುಚಬಾರದು, ಹೊಡೆಯಬಾರದು, ನಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕಾಲು ಕೀಳಬಾರದು. “ಹಿಂದ” ಎಂದು ಒಮ್ಮೆ ಹೇಳಿ, ಚಾಚಾ ಕೊಟ್ಟ ಮೊಂಡು ಕೋಲಿನಿಂದ ಅದರ ಎದೆಗೆ ಮೆಲ್ಲಗೆ ತಟ್ಟುತ್ತಲೇ ಇರಬೇಕು. ಅದು ಒಂದು ಹೆಜ್ಜೆ ಹಿಂದೆ ಇಟ್ಟ ಕ್ಷಣ ತಟ್ಟುವುದು ನಿಲ್ಲಬೇಕು. ಅರೆಗಳಿಗೆ ತಡವಾದರೂ ಚಾಚಾ ನಾಲಗೆ ಲೊಟಕ್ಕೆನ್ನಿಸುತ್ತಿದ್ದರು. ಹಿಂದೆ ಸರಿದದ್ದಷ್ಟೇ ಸಾಲದು. ಅದು ತಾನಾಗಿ ಮುಖವನ್ನು ಒಂದು ಬದಿಗೆ ತಿರುಗಿಸಬೇಕು. ತಿರುಗಿಸಿತೋ, ಬಕೆಟ್ಟು ಅದರ ಮುಂದೆ.

ನಗದೆ ನಿಲ್ಲುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಮೊದಲ ವಾರ ಮರಿ ನನ್ನನ್ನು ಗುರುತು ಸಿಗದವಳ ಹಾಗೆ ನೋಡಿತು. ನಿನ್ನೆಯ ತನಕ ಅಂಗಡಿ ತೆರೆದು ಕೂತವಳು ಇವತ್ತು ಕೋಲು ಹಿಡಿದು ನಿಂತಿದ್ದಾಳಲ್ಲ ಎಂಬ ಅದರ ಮುಖ ನೋಡಿ ಒಳಗೆ ಹೋಗಿ ಅತ್ತಿದ್ದೂ ಉಂಟು. ಗಂಡ ಡ್ಯೂಟಿ ಮುಗಿಸಿ ಬಂದವನು, “ಏನೇ, ಕುದುರಿ ಕಲೀತೋ, ನೀ ಕಲಿತ್ಯೋ?” ಎಂದು ಕೇಳುತ್ತಿದ್ದ. “ನಿಮಗೂ ಒಂದು ಕೋಲು ಇಟ್ಟೀನಿ, ಬರ್ರಿ,” ಎನ್ನುತ್ತಿದ್ದೆ.

ಎರಡನೇ ವಾರದ ಕೊನೆಗೆ ಅದಕ್ಕೆ ತಿಳಿಯಿತು. ಅತಿಯಾಗಿಯೇ ತಿಳಿಯಿತು. ಹಿಂದೆ ಸರಿದರೆ ಬೆಲ್ಲ ಎಂದು ಲೆಕ್ಕ ಹಾಕಿ, ಯಾರು ಕಣ್ಣಿಗೆ ಬಿದ್ದರೂ ಹಿಂದೆ ಹೆಜ್ಜೆ ಹಾಕತೊಡಗಿತು. ಒಂದು ಮಧ್ಯಾಹ್ನ ಚಾಚಾ ಹಗ್ಗ ಸಡಿಲ ಬಿಟ್ಟು ಬೀಡಿ ಹಚ್ಚಿಕೊಳ್ಳುತ್ತಿದ್ದಾಗ, ಮರಿ ನನ್ನ ಮುಖವನ್ನೇ ನೋಡುತ್ತ, ಭಾರಿ ಮರ್ಯಾದೆಯಿಂದ, ಹಿಂದೆ, ಹಿಂದೆ, ಇನ್ನೂ ಹಿಂದೆ ಹೋಗಿ, ಅತ್ತೆ ಚಾಪೆಯ ಮೇಲೆ ಒಣಹಾಕಿದ್ದ ಶಂಡಿಗೆಯ ಮೇಲೆ ನಾಲ್ಕೂ ಕಾಲಿಟ್ಟು ನಿಂತಿತು. ನಿಂತು ಮುಖ ಬದಿಗೆ ತಿರುಗಿಸಿ ಬೆಲ್ಲಕ್ಕೆ ಕಾದಿತು.

ಅತ್ತೆ ಬಂದು ನೋಡಿದರು. “ಮೊದ್ಲ ಬಾಯಿಲೆ ಕಾಡ್ತಿತ್ತು, ಈಗ ಕುಂಡಿಲೆ ಕಾಡಾಕತ್ತದ. ಚಲೋ ಕಲಸಾಕತ್ತೀರಿ ಇಬ್ರೂ.”

ಚಾಚಾ ಬೀಡಿ ಬಿಸಾಕಿ ಎದ್ದು ನಿಂತರು. ಅತ್ತೆಗೆ ಅವರೂ ಹೆದರುತ್ತಿದ್ದರು. ಅಂದಿನಿಂದ ನಿಯಮ ಬದಲಾಯಿತು: ನಾವು ಹೇಳಿದಾಗ ಒಂದೇ ಹೆಜ್ಜೆ, ಹೇಳದಿದ್ದರೆ ನಿಂತಲ್ಲೇ ನಿಲ್ಲುವುದು. ನಿಲ್ಲುವುದಕ್ಕೂ ಬೆಲ್ಲ ಸಿಗುತ್ತದೆಂದು ಕಲಿಸಲು ಇನ್ನೊಂದು ತಿಂಗಳು ಹಿಡಿಯಿತು. ಮುಂದೆ ಮಾನ್ವಿ ತಾಲೂಕಿನ ಶಾಲೆಯೊಂದರಲ್ಲಿ ಒಂದನೇ ಕ್ಲಾಸಿನ ಮಕ್ಕಳ ಮುಂದೆ ನಿಂತಾಗ ನನಗೆ ಈ ತಿಂಗಳು ಬಹಳ ಸಲ ನೆನಪಾಗಿದೆ. ಮಕ್ಕಳ ತಂದೆ ತಾಯಿಗೆ ಇದನ್ನು ಹೇಳಿಲ್ಲ.

ಆಮೇಲಿನ ದಿನಗಳಲ್ಲಿ ಚಾಚಾ ಅದನ್ನು ಕೋಟೆಯ ಹಿಂದಿನ ಬಯಲಿಗೆ ಕರೆದೊಯ್ಯುತ್ತಿದ್ದರು. ಹೆಗಲಿಗೆ ಹೆಗಲು ಕೊಟ್ಟು ನಡೆಯುವುದು, ಅವರು ನಿಂತರೆ ನಿಲ್ಲುವುದು. ಮೈತುಂಬ ಗೋಣಿಚೀಲ ಆಡಿಸಿಕೊಂಡು ಸುಮ್ಮನಿರುವುದು. ಕೇಳಿದಾಗ ಕಾಲು ಎತ್ತಿಕೊಡುವುದು. ಬಾಲದ ಹಿಂದೆ ಒಂದು ಹಲಗೆ ಎಳೆದುಕೊಂಡು ಹೋದರೂ ಸದ್ದಿಗೆ ಬೆದರದೆ ಇರುವುದು. ಇಷ್ಟಾದ ಮೇಲೆಯೇ ಟಾಂಗಾ ಕಟ್ಟುವುದು ಎಂದರು. ನಾನು ತಲೆಯ ಮೇಲೆ ಸೆರಗು ಹೊದ್ದು ಬೇಲಿಯ ಹತ್ತಿರ ನಿಂತು ನೋಡುತ್ತಿದ್ದೆ. ಓಣಿಯ ಹೆಂಗಸರು ನನ್ನನ್ನು ನೋಡುತ್ತಿದ್ದರು. ಬಸುರಿಗೆ ಮಾವಿನಕಾಯಿ ಬೇಕೆನಿಸುವುದು ಕೇಳಿದ್ದೇವೆ, ಇವಳಿಗೆ ಕುದುರೆ ಬೇಕೆನಿಸುತ್ತದೆ ಎಂದು ಮಾತಾಡಿಕೊಂಡರಂತೆ.

ಆದರೆ ಒಂದು ತೊಡಕು ಬಿಡಲೇ ಇಲ್ಲ. ಹೆಂಗಸರ ಹತ್ತಿರ ಮರಿ ಈಗ ದೇವರಂಥದ್ದು. ನನ್ನ ಉಡಿಯಲ್ಲಿ ಬೆಲ್ಲ ಇಟ್ಟುಕೊಂಡೇ ನಿಂತು ನೋಡಿದೆವು, ಮುಖ ತಿರುಗಿಸಿ ನಿಂತಿತು. ಆದರೆ ಅಂಗಿ ತೊಟ್ಟ ಗಂಡಸು ಹತ್ತಿರ ಬಂದರೆ ಮೂತಿ ಸೀದಾ ಎದೆಯ ಎಡಭಾಗಕ್ಕೆ. ಚಾಚಾನ ಅಂಗಿಯ ಜೇಬನ್ನು ಎರಡು ಸಲ ಹೊಲಿಸಿ ಕೊಟ್ಟೆವು.

“ಸೀರಿ ಮರ್ತಾನ, ಅಂಗಿ ಮರೀವಲ್ಲ,” ಎಂದು ಚಾಚಾ ಗಡ್ಡ ಕೆರೆದುಕೊಂಡರು. “ನೀ ಉಡಿಯಾಗ ಇಟ್ಟಿ, ಒಪ್ಪಿದೆ. ಜೇಬಿನಾಗ ಯಾರಿಟ್ರು?”

ಎಲ್ಲರ ಕಣ್ಣೂ ಗಂಡನ ಮೇಲೆ ಹೋಯಿತು. ಖಾಕಿ ಅಂಗಿ, ಎರಡು ದೊಡ್ಡ ಜೇಬು, ಬಾಯಲ್ಲಿ ಸದಾ ಏನೋ ತಿನಿಸು. “ನನ್ನಾಣಿ ಇಲ್ಲ,” ಎಂದು ಅವನು ತಲೆ ಮುಟ್ಟಿಕೊಂಡ. “ನನಗ ಮನುಷಾರಿಗೆ ಟಿಕೀಟ್ ಕೊಟ್ಟು ಸಾಕಾಗ್ತದ. ಕುದುರಿಗೆ ಎಲ್ಲಿಂದ ಬೆಲ್ಲ ಕೊಡ್ಲಿ?” ಮಾವ ಮಾತ್ರ ನಂಬಲಿಲ್ಲ. “ತಿನಿಸಿದವ್ರು ಯಾರು ಅಂತ ಗೊತ್ತಾಗ್ಲಿ, ಅವ್ರನ್ನs ಟಾಂಗಾಕ್ಕ ಕಟ್ತೀನಿ,” ಎಂದು ಮೀಸೆಯ ಮೇಲೆ ಕೈ ಆಡಿಸಿದರು. ಪಾಪ, ನನ್ನ ಗಂಡ ಒಂದು ತಿಂಗಳು ಮಾವನ ಎದುರು ಜೇಬಿಗೆ ಕೈ ಹಾಕಲೂ ಹೆದರಿದ.

ನೋಡುತ್ತಿದ್ದಂತೆ ಕುಬಸದ ದಿನ ಬಂತು. ಹಿರೇಕೊಟ್ನೆಕಲ್ಲಿನಿಂದ ಅವ್ವ, ಚಿಕ್ಕಮ್ಮಂದಿರು ಮಾನ್ವಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಬೆಳಿಗ್ಗೆಯೇ ಬಂದಿಳಿದರು. ಅವರ ಹಿಂದೆಯೇ ಮಡಿಚಿದ ಹಗ್ಗವೊಂದನ್ನು ಕಂಕುಳಲ್ಲಿಟ್ಟುಕೊಂಡು ದೇವದುರ್ಗದ ದಲ್ಲಾಳಿಯೂ ಬಂದ. ಅತ್ತೆ ಮಾತು ಮರೆಯುವವರಲ್ಲ. ಅವನಿಗೆ ಕಟ್ಟೆಯ ಮೇಲೆ ಜಾಗ ಮಾಡಿ, ಒಂದು ತಟ್ಟೆ ಹೋಳಿಗೆ ಕೊಟ್ಟು ಕೂರಿಸಿದರು. ನಾನು ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದೆ. ಹೆಂಗಸರು ಹಾಡುತ್ತಿದ್ದರು. ನನ್ನ ಕಣ್ಣು ಆ ಹಗ್ಗದ ಮೇಲಿತ್ತು.

ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಬೆಲ್ಲದ ಅಚ್ಚು, ಉತ್ತತ್ತಿ. ಮದುವೆಯಲ್ಲಿ ತುಂಬಿದ್ದಕ್ಕಿಂತ ಎರಡರಷ್ಟು ಭಾರ. ಅವ್ವ ಸೆರಗಿನ ತುದಿಯನ್ನು ಬಿಗಿಯಾಗಿ ಸಿಕ್ಕಿಸಿ, “ಊರು ಮುಟ್ಟೋ ಮಟ ಬಿಚ್ಚಬ್ಯಾಡ, ಒಂದು ಕಾಳು ಕೆಳಗ ಬೀಳಬಾರ್ದು,” ಎಂದಳು. ಬಾಗಿಲ ಹೊರಗೆ ಟಾಂಗಾ ನಿಂತಿತ್ತು, ಮುದಿ ಬಿಳಿ ಕುದುರೆ ಕಟ್ಟಿತ್ತು. ಅಂಗಳದಿಂದ ಬಾಗಿಲಿಗೆ ಹೋಗುವ ದಾರಿಯಲ್ಲಿ, ಬೇವಿನ ಗಿಡದ ಕೆಳಗೆ, ಮರಿ ನಿಂತಿತ್ತು.

“ಆಕಿ ಆ ಕಡಿಂದ ಬರಲಿ,” ಎಂದು ಅವ್ವ ಗಾಬರಿಯಾದಳು. “ಬ್ಯಾಡ್ರಿ,” ಎಂದರು ಅತ್ತೆ. “ದಿನಾ ಓಡಾಡೋ ದಾರಿಲೇ ಬರಲಿ. ನಾನೂ ನೋಡಬೇಕು.” ಹೇಳಿದವರು ತಾವೇ ಬಂದು ನನ್ನ ಪಕ್ಕ, ಮರಿಯ ಕಡೆಗೆ, ಆ ಮೊಂಡು ಬೆರಳಿನ ಕೈಯನ್ನು ನನ್ನ ಹೊಟ್ಟೆಗೆ ಅಡ್ಡ ಹಿಡಿದು ನಡೆದರು. ಕಚ್ಚುವುದಾದರೆ ಮೊದಲು ತಮ್ಮನ್ನೇ ಕಚ್ಚಲಿ ಎಂಬಂತೆ.

ಮರಿ ಬೆಲ್ಲದ ವಾಸನೆ ಹಿಡಿಯಿತು. ಮೂಗಿನ ಹೊಳ್ಳೆ ಅರಳಿತು. ಕುತ್ತಿಗೆ ಮುಂದೆ ಬಂತು. ಹೆಂಗಸರ ಹಾಡು ನಿಂತುಹೋಯಿತು. ನಾನು ಕಾಲು ಕೀಳಲಿಲ್ಲ. “ಹಿಂದ” ಎನ್ನಲು ಬಾಯಿ ತೆರೆದೆ. ಅದಕ್ಕೆ ಮೊದಲೇ ಮರಿ ತಾನಾಗಿ ಒಂದು ಹೆಜ್ಜೆ, ಒಂದೇ ಹೆಜ್ಜೆ, ಹಿಂದಿಟ್ಟಿತು. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿತು.

“ಅಯ್ಯ ಯವ್ವಾ, ಕುದುರಿ ಮುನಿಸ್ಕೊಂಡದ ನೋಡು!” ಎಂದಳು ನನ್ನ ಚಿಕ್ಕಮ್ಮ. “ತವರಿಗೆ ಹೊಂಟಾಳಂತ ಮಾರಿ ತಿರುವಿತು!”

ಚಾಚಾ ಗುಂಪಿನ ಹಿಂದಿನಿಂದ ನಕ್ಕರು. ನಾನು ನಗಲಿಲ್ಲ. ಮರಿ ಮುನಿಸಿಕೊಂಡಿರಲಿಲ್ಲ, ಕಾಯುತ್ತಿತ್ತು. ಕೊಟ್ಟ ಮಾತನ್ನು ಅದು ಉಳಿಸಿಕೊಂಡಿತ್ತು, ಈಗ ನನ್ನ ಸರದಿ. ಅದು ಸರಿಯಾಗಿ ನಡೆದುಕೊಂಡ ಮೇಲೆ ಬೆಲ್ಲ ಸಿಗಲೇಬೇಕು, ಒಮ್ಮೆ ತಪ್ಪಿದರೂ ನಾಲ್ಕು ತಿಂಗಳು ನೀರಿಗೆ ಹೋದಂತೆ ಎಂದು ಚಾಚಾ ನೂರು ಸಲ ಹೇಳಿದ್ದರು. ಉಡಿಯಲ್ಲಿ ಸೇರುಗಟ್ಟಲೆ ಬೆಲ್ಲವಿತ್ತು, ಬಿಚ್ಚುವಂತಿರಲಿಲ್ಲ. ಬಕೆಟ್ಟನ್ನು ಯಾರೋ ಹೋಳಿಗೆಯ ಬೇಳೆ ಬಸಿಯಲು ಒಳಗೆ ಒಯ್ದಿದ್ದರು. “ಬಸ್ಸಿಗೆ ಹೊತ್ತಾತು, ನಡೀಯವ್ವಾ,” ಎಂದಳು ಅವ್ವ. ನಾನು ನಿಂತಲ್ಲಿಂದ ಕದಲಲಿಲ್ಲ. ಕಣ್ಣಲ್ಲಿ ನೀರು ತುಂಬಿ, “ಯಾರರೆ ಒಂದು ಚೂರು ಬೆಲ್ಲ ಕೊಡ್ರಿ, ಕೈ ಮುಗೀತೀನಿ,” ಎಂದೆ.

ಆಗ ಮಾವನ ಕೈ ತನ್ನಷ್ಟಕ್ಕೆ ತಾನೇ ಅವರ ಅಂಗಿಯ ಜೇಬಿಗೆ ಹೋಯಿತು.

ಅವರು ಯೋಚಿಸಲಿಲ್ಲ. ಯೋಚಿಸಿದ್ದರೆ ಹೋಗುತ್ತಿರಲಿಲ್ಲ. ಬೀಡಿಯ ಪುಡಿ ಅಂಟಿದ ಬೆಲ್ಲದ ಚೂರೊಂದು ಹೊರಬಂತು. ಅಂಗೈಯ ಮೇಲಿಟ್ಟು ಚಾಚಿದರು. ಮರಿ ಮುಖ ಈಚೆ ತಿರುಗಿಸಿ, ತುಟಿಯ ತುದಿಯಿಂದ, ನಿತ್ಯದ ಗಿರಾಕಿಯ ಹಾಗೆ ತೆಗೆದುಕೊಂಡಿತು. ನುಂಗಿದ ಮೇಲೆ ಎರಡನೆಯ ಚೂರಿಗೆ ಅವರ ಜೇಬಿನೊಳಗೇ ಮೂತಿ ಇಳಿಸಿತು. ಒಂದೇ ಚೂರಿನಲ್ಲಿ ಮುಗಿಸುವ ರೂಢಿ ಅವರಿಬ್ಬರಿಗೂ ಇರಲಿಲ್ಲವೆಂದು ಕಾಣುತ್ತದೆ.

ಮೊದಲು ಬಾಯಿ ಬಿಟ್ಟದ್ದು ನನ್ನ ಗಂಡ. ಒಂದು ತಿಂಗಳ ಕಳ್ಳನ ಪಟ್ಟ ಅವನಿಗೆ ಅಷ್ಟು ಸಿಟ್ಟು ತರಿಸಿತ್ತು. “ಯಪ್ಪಾ, ಟಿಕೀಟ್ ಇಲ್ಲದ ಎಷ್ಟು ದಿನದಿಂದ ಓಡಾಡಾಕತ್ತೀರಿ?”

ಮಾವ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡರು. “ಮಸರಕಲ್ಲಿಂದ ಬರೋವಾಗ... ದಾರಿಯಾಗ ಕಾಲು ಎತ್ತವಲ್ದಾಗಿತ್ತು. ಅವ್ವನ ಬಿಟ್ಟು ಬಂದಿದ್ದ ಮರಿ. ಒಂದೀಟು ತೋರಿಸಿದ್ದೆ ಅಷ್ಟ,” ಎಂದರು. “ಆಮ್ಯಾಲ ಅದು ಕೇಳ್ತದ, ನಾ ಏನ್ ಮಾಡ್ಲಿ?”

“ಓಹೋಹೋ!” ಎಂದರು ಅತ್ತೆ. “ಕಾನೂನು ಹೇಳಾಕ ಒಂದು ಬಾಯಿ, ತಿನಸಾಕ ಒಂದು ಕೈ! ಆ ಹುಡುಗಿ ಬಾಯಿಬಿಟ್ಟು ಒಪ್ಕೊಂಡಾಗ ತಲಿ ಮ್ಯಾಲ ಕೈ ಇಟ್ಕೊಂಡ್ರಲ್ಲ, ಆ ಕೈಯಾಗೂ ಬೆಲ್ಲ ಇತ್ತೇನು?” ಹೆಂಗಸರೆಲ್ಲ ನಕ್ಕರು. ದಲ್ಲಾಳಿ ಹೋಳಿಗೆ ಬಾಯಲ್ಲಿಟ್ಟುಕೊಂಡೇ ನಕ್ಕ.

ಅತ್ತೆ ನಗಲಿಲ್ಲ. ಮರಿಯನ್ನು ಒಮ್ಮೆ, ಮಾವನನ್ನು ಒಮ್ಮೆ ನೋಡಿ ದಲ್ಲಾಳಿಗೆ ಹೇಳಿದರು: “ತಮ್ಮಾ, ಇನ್ನೊಂದು ಹೋಳಿಗಿ ತಿಂದು ಊರಿಗೆ ಹೋಗು. ಇಕಿ ಕೂಸಿನ್ನ ಕರಕೊಂಡು ಬರೋ ಮಟ ಕುದುರಿ ಇರಲಿ. ಸೀರಿ ಪಾಠ ಮುಗದದ. ಅಂಗಿ ಪಾಠ ನಾ ಕಲಸ್ತೀನಿ. ಕುದುರಿಗಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಆಮ್ಯಾಲ ನೋಡಾಮು. ಕೂಸು ಬಂದ ದಿನ ಏನರೆ ಬಾಯಿ ಹಾಕ್ತೋ, ಅವತ್ತs ಕಡೀ ದಿನ,” ಎಂದರು.

ತವರಿನಲ್ಲಿ ಹೆಣ್ಣು ಮಗು ಹುಟ್ಟಿತು. ಐದನೇ ತಿಂಗಳಲ್ಲಿ ಗಂಡನ ಮನೆಗೆ ಕಳಿಸಿದರು. ಆ ತಿಂಗಳುಗಳಲ್ಲಿ ಗಂಡ ಬಂದಾಗಲೆಲ್ಲ ನಾನು ಮೊದಲು ಕೇಳುತ್ತಿದ್ದದ್ದು ಕುದುರೆಯ ಸುದ್ದಿ. “ಟಾಂಗಾ ಎಳ್ಯಾಕತ್ತದ, ಚಲೋ ಅದ,” ಎನ್ನುತ್ತಿದ್ದ. ಕಚ್ಚುವುದು ಬಿಟ್ಟಿತೇ ಎಂದರೆ, “ನೀನs ಬಂದು ನೋಡು,” ಎಂದು ನಗುತ್ತಿದ್ದ. ಅವನ ಆ ನಗೆಗೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಮಾನ್ವಿಯ ಬಸ್ಸು ರಾಯಚೂರಿನ ಬಸ್ ಸ್ಟ್ಯಾಂಡಿಗೆ ಬಂದಾಗ ಬಿಸಿಲು ಇನ್ನೂ ಏರುತ್ತಿತ್ತು. ಮಾವ, ಅತ್ತೆ ಇಬ್ಬರೂ ಟಾಂಗಾ ತಂದು ನಿಂತಿದ್ದರು. ಟಾಂಗಾದ ಎರಡು ಮರದ ತೋಳುಗಳ ನಡುವೆ ಮರಿ. ಮರಿ ಎನ್ನುವ ಹಾಗೆಯೇ ಇರಲಿಲ್ಲ ಈಗ. ಅವ್ವ ಮತ್ತೆ ಉಡಿ ತುಂಬಿ ಕಳಿಸಿದ್ದಳು, ಅದರ ಮೇಲೆಯೇ ಮಗುವನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದಿದ್ದೆ. ಅತ್ತೆ ಬಂದು ಮಗುವನ್ನು ತೆಗೆದುಕೊಳ್ಳುತ್ತಾರೆಂದುಕೊಂಡೆ. ಅವರು ಕುದುರೆಯ ಮುಂದೆಯೇ ನಿಂತು, “ಬಾ,” ಎಂದರು.

ಹೋದೆ. ಕುದುರೆ ನನ್ನನ್ನು ಗುರುತಿಸಿ ಗಂಟಲಲ್ಲೇ ಮೆಲ್ಲಗೆ ಕೆನೆಯಿತು. ಮೂತಿ ಚಾಚಿ ಸೆರಗಿನ ಗಂಟನ್ನು ಮೂಸಿತು. ಮಗು ಎಚ್ಚರವಾಗಿ ಒಂದು ಪುಟ್ಟ ಕೈಯನ್ನು ಹೊರಗೆ ಚಾಚಿತು. ಬೆರಳುಗಳು ಕುದುರೆಯ ತುಟಿಗೆ ಒಂದು ಗೇಣು ದೂರದಲ್ಲಿದ್ದವು.

ಕುದುರೆ ಟಾಂಗಾ ಸಮೇತ ಒಂದು ಹೆಜ್ಜೆ ಹಿಂದೆ ಇಟ್ಟಿತು. ಮುಖ ಬದಿಗೆ ತಿರುಗಿಸಿ ನಿಂತಿತು.

ಮಾವನ ಕೈ ಅಂಗಿಯ ಎದೆಗೆ ಹೋಗಿ ಜಾರಿ ಕೆಳಗೆ ಬಂತು. ಆಗ ನೋಡಿದೆ, ಆ ಅಂಗಿಗೆ ಜೇಬೇ ಇರಲಿಲ್ಲ. ಜೇಬು ಇದ್ದ ಜಾಗದಲ್ಲಿ ಬಟ್ಟೆ ಚೌಕಾಕಾರವಾಗಿ ಗಾಢ ಬಣ್ಣದಲ್ಲಿ ಉಳಿದಿತ್ತು. “ಎಲ್ಲಾ ಅಂಗೀದೂ ಬಿಚ್ಚ್ಯಾಳ,” ಎಂದರು ಮಾವ ನನ್ನ ಕಡೆ ಬಾಗಿ, ದೂರು ಕೊಡುವವರ ಹಾಗೆ. “ಬೀಡಿ ಕಿವಿಯಾಗ ಇಟ್ಕೊಂಡು ಓಡಾಡಾಕತ್ತೀನಿ.”

ನನ್ನ ಎರಡೂ ಕೈಯಲ್ಲಿ ಮಗು, ಉಡಿ ಬಿಗಿದಿತ್ತು. ಕುದುರೆ ಮುಖ ತಿರುಗಿಸಿಕೊಂಡೇ ಕಾಯುತ್ತಿತ್ತು. ನಾನು ಸುತ್ತ ನೋಡಿದೆ.

ಅತ್ತೆ ತಮ್ಮ ಸೆರಗಿನ ತುದಿಯ ಗಂಟು ಬಿಚ್ಚುತ್ತಿದ್ದರು. ಆ ಅರ್ಧ ಬೆರಳು ಸರಿಯಾಗಿ ನೆರವಾಗದೆ ಸ್ವಲ್ಪ ಹೊತ್ತು ಹಿಡಿಯಿತು. ಗಂಟಿನೊಳಗೆ ಬೆಲ್ಲದ ಚೂರುಗಳಿದ್ದವು, ಒಂದೇ ಅಳತೆಗೆ ಒಡೆದು ಇಟ್ಟವು. ಒಂದನ್ನು ತೆಗೆದು, ಕೈಯಲ್ಲಿ ಕೊಡದೆ, ಟಾಂಗಾಕ್ಕೆ ತೂಗುಹಾಕಿದ್ದ ಬಕೆಟ್ಟನ್ನು ಇಳಿಸಿ ಅದರಲ್ಲಿ ಹಾಕಿ ಕುದುರೆಯ ಮುಂದೆ ಇಟ್ಟರು.

ನಾನು ಅವರನ್ನೇ ನೋಡುತ್ತ ನಿಂತೆ.

“ಏನ್ ನೋಡ್ತಿ?” ಎಂದರು ಅತ್ತೆ, ಮಗುವನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತ. “ನೀ ಇಲ್ಲದಾಗ ಅದಕ್ಕ ಯಾರು ಕೊಡ್ಬೇಕಾಗಿತ್ತು?”